ಸ್ಪಾಟಿಂಗ್ ಸ್ಕೋಪಿಗೆ ಕಾಂಪ್ಯಾಕ್ಟ್ ಕ್ಯಾಮೆರಾ ಜೋಡಿಸುವಾಗ ಸುತ್ತ ಕಪ್ಪು ವೃತ್ತ, ನಡುವೆ ಮಬ್ಬು ಚಿತ್ರ

ಕೆರೆದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ನಾನು ಗದಗ ಜಿಲ್ಲೆಯವನು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ಹಲವು ವರ್ಷಗಳಿಂದ ನೋಡುತ್ತ, ಎಣಿಸುತ್ತ ಬಂದಿದ್ದೇನೆ. ಬೈನಾಕ್ಯುಲರ್ ಸಾಲದೆ ಹೋದಾಗ, ಎರಡು ವರ್ಷಗಳ ಹಿಂದೆ, 20ರಿಂದ 60 ಪಟ್ಟು ಹಿಗ್ಗಿಸಿ ತೋರಿಸುವ, 80 ಮಿ.ಮೀ. ಮುಂಮಸೂರದ, ಐಪೀಸು (ಕಣ್ಣಿಟ್ಟು ನೋಡುವ ತುದಿ) 45 ಡಿಗ್ರಿ ಬಾಗಿರುವ ಸ್ಪಾಟಿಂಗ್ ಸ್ಕೋಪೊಂದನ್ನು, ಅಂದರೆ ಒಂಟಿಗಣ್ಣಿನ ದೂರದರ್ಶಕವನ್ನು, ಕೊಂಡೆ. ಕಣ್ಣಿನಿಂದ ನೋಡುವ ಮಟ್ಟಿಗೆ ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ.

ತೊಂದರೆ ಶುರುವಾದದ್ದು ಕಳೆದ ಜನವರಿಯಲ್ಲಿ. ಮಂಗೋಲಿಯಾದಲ್ಲಿ ಗುರುತಿನ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿಕೊಂಡಿರುವ ವಿಷಯ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಅಂಥದ್ದೊಂದು ಹಕ್ಕಿ ಆಚೆ ದಡದ ಗುಂಪಿನಲ್ಲಿ, ಸುಮಾರು ಇನ್ನೂರು ಮೀಟರ್ ದೂರದಲ್ಲಿ, ನನ್ನ ಸ್ಕೋಪಿನೊಳಗೆ ಸಿಕ್ಕಿತು. ಪಟ್ಟಿ ಇರುವುದು ಕಂಡಿತು, ಅದರ ಮೇಲೆ ಏನೋ ಬರೆದಿರುವುದೂ ಕಂಡಿತು, ಆದರೆ ನಾನು ಓದಿ ಮುಗಿಸುವಷ್ಟರಲ್ಲಿ ಹಕ್ಕಿ ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡು ಮಲಗಿಬಿಟ್ಟಿತು. ಒಂದು ಚಿತ್ರವಿದ್ದಿದ್ದರೆ ಮನೆಯಲ್ಲಿ ಕುಳಿತು ಓದಬಹುದಿತ್ತು ಎಂದು ಅಂದಿನಿಂದ ಕೊರಗುತ್ತಿದ್ದೇನೆ.

ಮನೆಯಲ್ಲಿ ಒಂದು ಹಳೆಯ ಕ್ಯಾನನ್ ಪವರ್‌ಶಾಟ್ ಎಸ್95 ಇದೆ. ಅದನ್ನು ಐಪೀಸಿಗೆ ಕೈಯಿಂದಲೇ ಒತ್ತಿಹಿಡಿದು ನೂರಾರು ಚಿತ್ರ ತೆಗೆದೆ. ಹೆಚ್ಚಿನವುಗಳಲ್ಲಿ ನಡುವೆ ಒಂದು ಬೆಳಕಿನ ವೃತ್ತ, ಸುತ್ತ ಕಪ್ಪು. ಕೆಲವುಗಳಲ್ಲಿ ವೃತ್ತವೂ ಪೂರ್ತಿಯಾಗಿರದೆ ಒಂದು ಪಕ್ಕದಲ್ಲಿ ಬಿದಿಗೆ ಚಂದ್ರನ ಆಕಾರದ ನೆರಳು. ನಡುವೆ ಇರುವ ಹಕ್ಕಿಯಾದರೂ ಸ್ಪಷ್ಟವಾಗಿದೆಯೇ ಎಂದರೆ ಅದೂ ಇಲ್ಲ. ಬಳಿಕ ಆನ್‌ಲೈನಿನಲ್ಲಿ 'ಎಲ್ಲ ಕ್ಯಾಮೆರಾಗಳಿಗೂ ಹೊಂದುತ್ತದೆ' ಎಂದು ಮಾರುವ ಒಂದು ಅಡಾಪ್ಟರ್ ತರಿಸಿದೆ. ಅದರ ಹಿಡಿಕೆ ಎಷ್ಟು ಬಿಗಿದರೂ ಕ್ಯಾಮೆರಾ ಐದು ನಿಮಿಷದೊಳಗೆ ಮುಂದಕ್ಕೆ ಬಾಗುತ್ತದೆ.

ಕಪ್ಪು ವೃತ್ತ ಹೋಗುವುದು ಹೇಗೆ? ಹಕ್ಕಿ ದೊಡ್ಡದಾಗಿ ಬರಲೆಂದು ಸ್ಕೋಪನ್ನು 60ಕ್ಕೆ ತಿರುಗಿಸಿದರೆ ಚಿತ್ರ ಇನ್ನೂ ಕೆಡುವುದೇಕೆ? ಬೇರೆ ಕ್ಯಾಮೆರಾ ಕೊಳ್ಳಬೇಕೇ, ಅಥವಾ ಇರುವುದರಲ್ಲೇ ದಾರಿ ಇದೆಯೇ? ಅನುಭವಸ್ಥರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.


ಮೆಟ್ಟುಗಾಲು ಬರೆದದ್ದು:

ಕೆರೆದಂಡೆಯವರೇ, ಕ್ಯಾಮೆರಾ ಕೊಳ್ಳಬೇಡಿ. ನಿಮ್ಮ ಕೈಯಲ್ಲಿರುವುದು ಈ ಕೆಲಸಕ್ಕೆ ಒಳ್ಳೆಯ ಕ್ಯಾಮೆರಾಗಳಲ್ಲೊಂದು. ನೀವು ಹೇಳಿದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಕ್ಯಾಮೆರಾ ಯಾವುದೆಂಬುದರಿಂದ ಬಂದದ್ದಲ್ಲ, ಅದು ಎಲ್ಲಿ ನಿಂತಿದೆ ಎಂಬುದರಿಂದ ಬಂದದ್ದು. ನಾನು ಮೈಸೂರಿನ ಕಡೆಯ ಕೆರೆಗಳಲ್ಲಿ, ಮುಖ್ಯವಾಗಿ ಹದಿನಾರು ಎಂಬ ಊರಿನ ಕೆರೆಯಲ್ಲಿ, ಇದೇ ಹೆಬ್ಬಾತುಗಳ ಹಿಂದೆ ಬಿದ್ದು ಇದನ್ನು ಕಲಿತವನು. ಕಲಿಯುವ ಮೊದಲು ಒಂದು ಕ್ಯಾಮೆರಾವನ್ನು ಅನಗತ್ಯವಾಗಿ ಬದಲಾಯಿಸಿಯೂ ಇದ್ದೇನೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಸ್ಕೋಪನ್ನು ಹಗಲಿನ ಬಯಲಾದ ಆಕಾಶದ ಕಡೆಗೆ (ಸೂರ್ಯನ ಕಡೆಗೆ ಎಂದೂ ಅಲ್ಲ) ತಿರುಗಿಸಿ, ಐಪೀಸಿನಿಂದ ಒಂದು ಅಡಿ ಹಿಂದೆ ಸರಿದು ನೋಡಿ. ಐಪೀಸಿನ ಗಾಜಿನ ಮೇಲೆ ತೇಲುತ್ತಿರುವಂತೆ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ಸ್ಕೋಪು ಸಂಗ್ರಹಿಸಿದ ಬೆಳಕೆಲ್ಲ ಆ ಬಿಲ್ಲೆಯ ಮೂಲಕವೇ ಹೊರಬರುತ್ತದೆ. ಅದರ ಅಗಲವನ್ನು ಲೆಕ್ಕ ಹಾಕುವುದು ಸುಲಭ: ಮುಂಮಸೂರದ ಅಗಲವನ್ನು ಹಿಗ್ಗುವಿಕೆಯಿಂದ ಭಾಗಿಸಿದರಾಯಿತು. ನಿಮ್ಮ ಸ್ಕೋಪು 20ರಲ್ಲಿದ್ದಾಗ ಬಿಲ್ಲೆ 4 ಮಿ.ಮೀ., 40ರಲ್ಲಿ 2 ಮಿ.ಮೀ., 60ರಲ್ಲಿ ಬರೇ 1.3 ಮಿ.ಮೀ. ಇರುತ್ತದೆ. ಅದು ಗಾಜಿನ ಮೇಲೆ ಅಂಟಿಕೊಂಡಿಲ್ಲ, ಗಾಜಿನಿಂದ ಒಂದೂವರೆ, ಎರಡು ಸೆಂ.ಮೀ. ಹಿಂದೆ ಗಾಳಿಯಲ್ಲಿ ನಿಂತಿದೆ. ನಾವು ಕಣ್ಣಿನಿಂದ ನೋಡುವಾಗ ನಮ್ಮ ಪಾಪೆ ತಾನಾಗಿ ಅಲ್ಲಿಗೆ ಹೋಗಿ ಕೂರುತ್ತದೆ. ಕ್ಯಾಮೆರಾಕ್ಕೂ ಒಂದು ಪಾಪೆ ಇದೆ. ಲೆನ್ಸನ್ನು ಎದುರಿನಿಂದ ನೋಡಿದರೆ ಒಳಗೆ ಕಾಣುವ ಸಣ್ಣ ಕಿಂಡಿಯೇ ಅದು. ಈ ಕಿಂಡಿಯೂ ಆ ಬಿಲ್ಲೆಯೂ ಒಂದರ ಮೇಲೊಂದು ಕೂತರೆ ಚಿತ್ರ ಬರುತ್ತದೆ. ಕ್ಯಾಮೆರಾ ಅತ್ತಿತ್ತ ಸರಿದರೆ ನೀವು ಹೇಳಿದ ಬಿದಿಗೆ ಚಂದ್ರನ ನೆರಳು, ತೀರ ಹಿಂದೆ ಅಥವಾ ತೀರ ಮುಂದೆ ಹೋದರೆ ಸುತ್ತಲೂ ಮಸುಕು ಅಂಚಿನ ಕಪ್ಪು. ಒಂದೆರಡು ಮಿಲಿಮೀಟರ್ ತಪ್ಪಿದರೂ ಕೆಡುವ ಈ ಜೋಡಣೆಯನ್ನು ಕೈಯಿಂದ ಹಿಡಿದು ನಿಭಾಯಿಸುವುದು ಅದೃಷ್ಟದ ಮಾತು.

ಆದರೆ ಎಲ್ಲವೂ ಸರಿಯಾಗಿ ಕೂತ ಮೇಲೂ ಒಂದು ಕಪ್ಪು ವೃತ್ತ ಉಳಿಯುತ್ತದೆ. ಅದು ಬೇರೆಯದು, ಅದರ ಅಂಚು ಕತ್ತರಿಸಿದಂತೆ ಚೂಪಾಗಿರುತ್ತದೆ. ಜೂಮ್ ಐಪೀಸುಗಳು ಕಡಿಮೆ ಹಿಗ್ಗುವಿಕೆಯಲ್ಲಿ ಕಿರಿದಾದ ನೋಟವನ್ನು ಕೊಡುತ್ತವೆ, 20ರಲ್ಲಿ ಅದು ಸುಮಾರು 40 ಡಿಗ್ರಿ ಅಗಲ. ನಿಮ್ಮ ಕ್ಯಾಮೆರಾ ಜೂಮ್ ಮಾಡದೆ ಇದ್ದಾಗ, ಅಂದರೆ 28 ಮಿ.ಮೀ. ಸ್ಥಿತಿಯಲ್ಲಿ (ಜೂಮಿನ ಈ ಅಳತೆಗಳು 35 ಮಿ.ಮೀ. ಫಿಲ್ಮ್ ಕ್ಯಾಮೆರಾಕ್ಕೆ ಸಮನಾದ ಲೆಕ್ಕದವು), ಮೂಲೆಯಿಂದ ಮೂಲೆಗೆ 75 ಡಿಗ್ರಿ ನೋಡುತ್ತದೆ. ದೊಡ್ಡ ಕಿಟಕಿಯಿಂದ ಸಣ್ಣ ಕಿಂಡಿಯನ್ನು ನೋಡಿದರೆ ಸುತ್ತಲಿನ ಗೋಡೆಯೂ ಕಾಣುವುದು ಸಹಜ. ಕ್ಯಾಮೆರಾದ ಜೂಮನ್ನು ಸುಮಾರು 60 ಮಿ.ಮೀ.ಗೆ ತಂದರೆ ಅದರ ನೋಟವೂ 40 ಡಿಗ್ರಿಗೆ ಇಳಿದು ಗೋಡೆ ಮರೆಯಾಗುತ್ತದೆ. ಸ್ಕೋಪಿನ 20ನ್ನು ಕ್ಯಾಮೆರಾದ 60ರಿಂದ ಗುಣಿಸಿದರೆ 1200 ಮಿ.ಮೀ. ಇದಕ್ಕಿಂತ ಹೆಚ್ಚಿನದು ನಿಮಗೆ ಬೇಕಾಗಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಯ ಉತ್ತರವೂ ಬಿಲ್ಲೆಯಲ್ಲೇ ಇದೆ. 60 ಮಿ.ಮೀ. ಸ್ಥಿತಿಯಲ್ಲಿ ಎಸ್95ರ ಲೆನ್ಸಿನ ನಿಜವಾದ ಫೋಕಲ್ ಉದ್ದ ಸುಮಾರು 13 ಮಿ.ಮೀ. ಸ್ಕೋಪು 20ರಲ್ಲಿದ್ದಾಗ 4 ಮಿ.ಮೀ. ಬಿಲ್ಲೆ ಕ್ಯಾಮೆರಾದ ಕಿಂಡಿಗಿಂತ ತುಸು ದೊಡ್ಡದೇ ಇರುವುದರಿಂದ ಬೆಳಕಿಗೆ ಕೊರತೆಯಿಲ್ಲ, ಎಫ್ 3.5ರ ಆಸುಪಾಸಿನಲ್ಲಿ ಚಿತ್ರ ಬರುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ). 40ಕ್ಕೆ ಹೋದ ಕೂಡಲೇ ಬಿಲ್ಲೆ 2 ಮಿ.ಮೀ.ಗೆ ಕುಗ್ಗಿ ಕ್ಯಾಮೆರಾ ಎಫ್ 6.5ರಲ್ಲಿ ಕೆಲಸ ಮಾಡಿದಂತಾಗುತ್ತದೆ, 60ರಲ್ಲಿ ಹೆಚ್ಚುಕಡಿಮೆ ಎಫ್ 10. ಕ್ಯಾಮೆರಾದ ಪರದೆ ಮಾತ್ರ 3.5 ಎಂದೇ ತೋರಿಸುತ್ತಿರುತ್ತದೆ. ಅದಕ್ಕೆ ಮುಂದಿರುವ ಸ್ಕೋಪಿನ ಸುಳಿವೇ ಇಲ್ಲ. 20ರಲ್ಲಿ ಸೆಕೆಂಡಿನ 1/500 ಭಾಗದಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ 60ರಲ್ಲಿ 1/65 ಬೇಕಾಗುತ್ತದೆ. ಅಲುಗಾಟ ಮೂರು ಪಟ್ಟು ಹಿಗ್ಗಿರುವಾಗ ಷಟರ್ ಎಂಟು ಪಟ್ಟು ನಿಧಾನವಾದರೆ ಉಳಿಯುವುದೇನು? ಆದ್ದರಿಂದ ಸ್ಕೋಪನ್ನು 20ರಲ್ಲೇ ಬಿಡಿ. ಹಿಗ್ಗಿಸುವ ಉಂಗುರದ ಮೇಲೆ ಒಂದು ತುಂಡು ಟೇಪು ಅಂಟಿಸಿಬಿಟ್ಟರೂ ತಪ್ಪಿಲ್ಲ, ನಾನು ಹಾಗೆಯೇ ಮಾಡಿದ್ದೇನೆ.

ಇನ್ನು ಫೋಕಸ್. ಸ್ಕೋಪಿನಿಂದ ಹೊರಬರುವ ಬೆಳಕಿನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿರುವುದರಿಂದ ಕ್ಯಾಮೆರಾದ ಪಾಲಿಗೆ ಹಕ್ಕಿ ಅನಂತ ದೂರದಲ್ಲಿದೆ. ಕ್ಯಾಮೆರಾವನ್ನು ಕೈಫೋಕಸಿಗೆ ಹಾಕಿ ಅನಂತಕ್ಕೆ ಇಟ್ಟು, ಉಳಿದ ಹೊಂದಾಣಿಕೆಯನ್ನೆಲ್ಲ ಸ್ಕೋಪಿನ ಫೋಕಸ್ ಚಕ್ರದಿಂದಲೇ ಮಾಡಿ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲವಾದ್ದರಿಂದ ತಲೆಯ ಮೇಲೊಂದು ಕಪ್ಪು ಬಟ್ಟೆ ಹೊದ್ದುಕೊಳ್ಳಬೇಕಾಗುತ್ತದೆ, ನೋಡುವವರು ನಗುತ್ತಾರೆ, ನಗಲಿ. ಷಟರ್ ಗುಂಡಿಯನ್ನು ಬೆರಳಿನಿಂದ ಒತ್ತಿದ ನಡುಕ ಅಡಗಲು ಒಂದೆರಡು ಸೆಕೆಂಡು ಬೇಕು. ಈ ಕ್ಯಾಮೆರಾಕ್ಕೆ ಕೇಬಲ್ ರಿಲೀಸ್ ಸಿಕ್ಕಿಸಲು ಜಾಗವಿಲ್ಲ, ಆದರೆ ಸೆಲ್ಫ್ ಟೈಮರಿನಲ್ಲಿ ಕಾಯುವ ಸಮಯವನ್ನೂ ಚಿತ್ರಗಳ ಸಂಖ್ಯೆಯನ್ನೂ ನೀವೇ ನಿಗದಿ ಮಾಡಬಹುದು. ಎರಡು ಸೆಕೆಂಡು ಕಾದು ಹತ್ತು ಚಿತ್ರ ತೆಗೆಯುವಂತೆ ಇಟ್ಟುಕೊಳ್ಳಿ. ಕೈನಡುಕ ತಡೆಯುವ ಸೌಲಭ್ಯವನ್ನು ಟ್ರೈಪಾಡಿನ ಮೇಲೆ ಆರಿಸಿಬಿಡಿ. ಐಎಸ್ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, 400 ದಾಟಬೇಡಿ.

ಪ್ರಸಂಗವಶಾತ್ ಒಂದು ಮಾತು. ಸ್ಕೋಪಿಗೆ ಡಿಜಿಟಲ್ ಕ್ಯಾಮೆರಾ ಜೋಡಿಸುವ ಈ ವಿಧಾನವನ್ನು ಜನಪ್ರಿಯಗೊಳಿಸಿದವರು ಮಲೇಷ್ಯಾದ ಹಕ್ಕಿವೀಕ್ಷಕ ಲಾರೆನ್ಸ್ ಪೋ. 1999ರಲ್ಲಿ ಹೆಚ್ಚುಕಡಿಮೆ ಆಕಸ್ಮಿಕವಾಗಿ ಅವರಿಗೆ ಈ ದಾರಿ ಹೊಳೆಯಿತು. ಅದಕ್ಕೆ 'ಡಿಜಿಸ್ಕೋಪಿಂಗ್' ಎಂಬ ಹೆಸರು ಕೊಟ್ಟವರು ಫ್ರಾನ್ಸಿನ ಹಕ್ಕಿವೀಕ್ಷಕ ಅಲೆನ್ ಫೋಸೆ. ಆ ಕಾಲದವರು ನಿಕಾನ್ ಕೂಲ್‌ಪಿಕ್ಸ್ 950, 990, 4500 ಕ್ಯಾಮೆರಾಗಳನ್ನು ಮುಗಿಬಿದ್ದು ಕೊಂಡದ್ದು ಚಿತ್ರದ ಗುಣಮಟ್ಟಕ್ಕಾಗಿ ಅಲ್ಲ. 950ರಲ್ಲಿ ಇದ್ದದ್ದು ಎರಡೇ ಮೆಗಾಪಿಕ್ಸೆಲ್. ಅವುಗಳ ಲೆನ್ಸು ಜೂಮ್ ಮಾಡಿದಾಗ ಹೊರಗೆ ಚಾಚುತ್ತಿರಲಿಲ್ಲ, ಎಲ್ಲ ಚಲನೆಯೂ ಒಳಗೇ ನಡೆಯುತ್ತಿತ್ತು. ಮುಂಭಾಗದಲ್ಲಿ 28 ಮಿ.ಮೀ. ಮರೆ (ತಿರುಪಿನ ಸುತ್ತುಗೆರೆ) ಇದ್ದುದರಿಂದ ಐಪೀಸಿಗೆ ತಿರುಪಿನಂತೆ ಕೂರಿಸಬಹುದಿತ್ತು. ಲೆನ್ಸಿನ ಭಾಗ ತಿರುಗುತ್ತಿದ್ದುದರಿಂದ ಪರದೆಯನ್ನು ಬೇಕಾದ ಕಡೆಗೆ ಹೊರಳಿಸಿಕೊಳ್ಳಬಹುದಿತ್ತು. ಇಂದಿನ ಕಾಂಪ್ಯಾಕ್ಟುಗಳಲ್ಲಿ ಸಂವೇದಕ ಎಷ್ಟೋ ಪಾಲು ಉತ್ತಮವಾಗಿದೆ, ಆದರೆ ಕೂರಿಸುವ ಅನುಕೂಲ ಹೋಯಿತು. ನೀವು ಬಿಡಿಸಬೇಕಾದ ಗಂಟು ಅದೊಂದೇ. ಅದರಲ್ಲಿ ನಮ್ಮ ಗೀಜಗ ಅವರು ನಿಪುಣರು, ಅವರು ಬರೆಯಲಿ.


ಗೀಜಗ ಬರೆದದ್ದು:

ಕರೆದದ್ದರಿಂದ ಬಂದೆ. ನಾನು ಹುಬ್ಬಳ್ಳಿಯಲ್ಲಿ ವರ್ಕ್‌ಶಾಪಿನಲ್ಲಿ ದುಡಿಯುವವನು, ಹಕ್ಕಿಗಳ ಬಗ್ಗೆ ನನಗೆ ತಿಳಿದಿರುವುದಕ್ಕಿಂತ ಪೈಪುಗಳ ಬಗ್ಗೆ ತಿಳಿದಿರುವುದು ಹೆಚ್ಚು. ದುಬಾರಿ ಸ್ಕೋಪಿನ ಕಂಪನಿಗಳು ತಮ್ಮ ಐಪೀಸಿಗೆ ಅಳತೆಯಾಗಿ ಹೊಂದುವ ಅಡಾಪ್ಟರುಗಳನ್ನು ತಾವೇ ಮಾಡುತ್ತವೆ, ಅವು ಚೆನ್ನಾಗಿಯೇ ಇರುತ್ತವೆ. ನಮ್ಮಂಥವರ ಸ್ಕೋಪಿಗೆ ಪ್ಲಂಬಿಂಗ್ ಸಾಮಾನಿನ ಅಂಗಡಿಯೇ ಗತಿ.

ಮೊದಲು ವರ್ನಿಯರ್ ಕ್ಯಾಲಿಪರಿನಿಂದ ಐಪೀಸಿನ ಹೊರ ಅಗಲವನ್ನು ಅಳೆಯಿರಿ. ಒಂದು ಎಚ್ಚರಿಕೆ: ಜೂಮ್ ಐಪೀಸಿನಲ್ಲಿ ತಿರುಗುವ ಭಾಗ ಯಾವುದು, ತಿರುಗದ ಭಾಗ ಯಾವುದು ಎಂದು ಮೊದಲೇ ನೋಡಿಕೊಳ್ಳಿ. ತಿರುಗುವ ಭಾಗವನ್ನು ಹಿಡಿದು ಕೂರಿಸಿದರೆ ಕ್ಯಾಮೆರಾವೂ ಅದರೊಂದಿಗೆ ತಿರುಗುತ್ತದೆ. ಮೆಟ್ಟುಗಾಲು ಅವರು ಹೇಳಿದಂತೆ 20ರಲ್ಲೇ ಟೇಪು ಸುತ್ತಿ ಬಿಡುವುದಾದರೆ ಈ ಚಿಂತೆ ಇಲ್ಲ. ಪಿವಿಸಿ ಪೈಪುಗಳು ಹೊರ ಅಗಲದ ಲೆಕ್ಕದಲ್ಲಿ 40, 50, 63 ಮಿ.ಮೀ. ಹೀಗೆ ಸಿಗುತ್ತವೆ; ಅವುಗಳನ್ನು ಜೋಡಿಸುವ ಕಪ್ಲರಿನ ಒಳ ಅಗಲ ಅಷ್ಟೇ ಇರುತ್ತದೆ. ನಿಮ್ಮ ಐಪೀಸು 46 ಮಿ.ಮೀ. ಇದ್ದರೆ 50ರ ಕಪ್ಲರ್ ತಂದು, ಒಳಗೆ ಸುತ್ತಲೂ ಎರಡು ಮಿ.ಮೀ. ದಪ್ಪಕ್ಕೆ ಹಳೆಯ ಸೈಕಲ್ ಟ್ಯೂಬಿನ ರಬ್ಬರನ್ನು ಅಂಟಿಸಿ. ತಳ್ಳಿದರೆ ಬಿಗಿಯಾಗಿ ಒಳಗೆ ಹೋಗಬೇಕು, ತಿರುಗಿಸಿ ಎಳೆದರೆ ಹೊರಬರಬೇಕು. ಅಷ್ಟು ಸಾಕು, ತಿರುಪು ಬೇಡ, ತಿರುಪು ಹಾಕಿದರೆ ಒಂದು ದಿನ ಐಪೀಸಿನ ಮೈ ಕೆರೆಯುವುದು ಖಂಡಿತ. ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಬಿಳಿಯ ಪಿವಿಸಿ ಹಾಗೆಯೇ ಬಿಟ್ಟರೆ ಪಕ್ಕದ ಬೆಳಕು ಒಳಗೆ ನುಗ್ಗಿ ಇಡೀ ಚಿತ್ರ ತೆಳುವಾಗಿಬಿಡುತ್ತದೆ.

ಎಸ್95ರ ಲೆನ್ಸಿನ ಸುತ್ತ ತಿರುಪು ಮರೆ ಇಲ್ಲ, ಮೇಲಾಗಿ ಕ್ಯಾಮೆರಾ ಹೊತ್ತಿಸಿದಾಗ ಲೆನ್ಸು ಹೊರಚಾಚುತ್ತದೆ. ಹಾಗಾಗಿ ಕ್ಯಾಮೆರಾವನ್ನು ಲೆನ್ಸಿನಿಂದ ಹಿಡಿಯಬಾರದು, ತಳದಿಂದ ಹಿಡಿಯಬೇಕು. ಕಪ್ಲರಿನ ಕೆಳಗೆ ಎಲ್ ಆಕಾರಕ್ಕೆ ಬಗ್ಗಿಸಿದ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಬಿಗಿದು, ಆ ಪಟ್ಟಿಯಲ್ಲಿ ಉದ್ದುದ್ದ ಗಾಡಿ (ಬೋಲ್ಟು ಸರಿದಾಡುವ ಸೀಳು) ಕೊರೆದು, ಅದರ ಮೂಲಕ ಕ್ಯಾಮೆರಾದ ಟ್ರೈಪಾಡ್ ಕಿಂಡಿಗೆ ಬೋಲ್ಟು ಹಾಕಿ. ಗಾಡಿ ಇರುವುದರಿಂದ ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸಿ ಆ ಬೆಳಕಿನ ಬಿಲ್ಲೆಗೆ ಹೊಂದಿಸಬಹುದು. ಎತ್ತರ ಹೊಂದದಿದ್ದರೆ ಪಟ್ಟಿಗೂ ಕ್ಯಾಮೆರಾಕ್ಕೂ ನಡುವೆ ರಬ್ಬರ್ ಶೀಟಿನ ಪದರಗಳನ್ನಿಡಿ. ಬೋಲ್ಟು ಕೊಳ್ಳುವಾಗ ಕಾಲಿಂಚಿನದೇ ಬೇಕೆಂದು ಕೇಳಿ. ಹಾರ್ಡ್‌ವೇರ್ ಅಂಗಡಿಯವರು 6 ಎಂಎಂ ಬೋಲ್ಟು ಕೊಟ್ಟು 'ಇದೇ ಸಾರ್, ಎರಡೂ ಒಂದೇ' ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಕಾಲಿಂಚು ಎಂದರೆ 6.35 ಮಿ.ಮೀ., ಮರೆಯ ಅಂತರವೂ ಬೇರೆ. 6 ಎಂಎಂ ಬೋಲ್ಟು ಎರಡು ಸುತ್ತು ಹೋಗಿ ಹಿಡಿದಂತೆ ನಟಿಸಿ, ಕ್ಯಾಮೆರಾದ ಮರೆಯನ್ನು ತಿಂದುಹಾಕುತ್ತದೆ.

ನನ್ನ ಒಂದು ಅನಾಹುತವನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಮಾಡಿದ ಅಡಾಪ್ಟರಿನಲ್ಲಿ ಲೆನ್ಸು ಪೂರ್ತಿ ಚಾಚಿದಾಗ ಎಷ್ಟು ಜಾಗ ಬೇಕೆಂದು ಅಳೆಯದೆ, ಕ್ಯಾಮೆರಾ ಆರಿರುವಾಗಲೇ ಜೋಡಿಸಿ, ಬಳಿಕ ಹೊತ್ತಿಸಿದೆ. ಲೆನ್ಸು ಮುಂದೆ ಬಂದು ಐಪೀಸಿನ ರಬ್ಬರಿಗೆ ಗುದ್ದಿ ಕಿರ್ರ್ ಎಂದು ನಿಂತಿತು. ಮತ್ತೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ರಿಪೇರಿಯ ಖರ್ಚು ಹಳೆಯ ಕ್ಯಾಮೆರಾದ ಬೆಲೆಗಿಂತ ಹೆಚ್ಚಾಯಿತು. ಜೂಮ್ ಬದಲಿಸಿದಂತೆ ಲೆನ್ಸಿನ ಉದ್ದವೂ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಲೆನ್ಸು ಅತ್ಯಂತ ಉದ್ದವಾಗಿರುವ ಸ್ಥಿತಿಯಲ್ಲೂ ಐಪೀಸಿಗೂ ಅದಕ್ಕೂ ನಡುವೆ ಎರಡು ಮೂರು ಮಿ.ಮೀ. ಗಾಳಿ ಆಡುತ್ತಿರಲಿ, ಹೊತ್ತಿಸಿದ ಮೇಲಷ್ಟೇ ಜೋಡಿಸಿ, ಬಿಚ್ಚಿದ ಮೇಲಷ್ಟೇ ಆರಿಸಿ. ಸ್ಕೋಪಿನ ಐಪೀಸಿನ ಸುತ್ತಲಿನ ರಬ್ಬರ್ ಬಟ್ಟಲನ್ನು ಹೊರಕ್ಕೆ ಮಡಚಿ ಅಥವಾ ತಿರುಗಿಸಿ ಇಳಿಸಿಕೊಳ್ಳುವುದೂ ಅಗತ್ಯ.


ಮಿಂಚುಳ್ಳಿ ಬರೆದದ್ದು:

ಇಷ್ಟೆಲ್ಲ ಕಷ್ಟ ಏಕೆಂದು ನನಗೆ ಅರ್ಥವಾಗುತ್ತಿಲ್ಲ, ಯಾರೂ ತಪ್ಪು ತಿಳಿಯಬಾರದು. ನಿಕಾನ್ ಪಿ900 ಬಂದದ್ದು 2015ರಲ್ಲಿ, ಅದರ ಜೂಮ್ 2000 ಮಿ.ಮೀ.ವರೆಗೆ ಹೋಗುತ್ತದೆ. 2018ರ ಪಿ1000ದಲ್ಲಿ 3000 ಮಿ.ಮೀ. ಇದೆ. ಕೊರಳಿಗೆ ನೇತುಹಾಕಿಕೊಂಡು ನಡೆಯುತ್ತಿರುವಾಗಲೇ ಎತ್ತಿ ತೆಗೆಯಬಹುದು. ಪೈಪು ಕೊಯ್ಯುವುದು, ಕಪ್ಪು ಬಟ್ಟೆ ಹೊದೆಯುವುದು ಯಾವುದೂ ಬೇಡ. ನಾನು ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಹೀಗೆಯೇ ತೆಗೆದಿದ್ದೇನೆ. ಸ್ಕೋಪು ಹೊತ್ತವರು ಅಲ್ಲಿ ಏನು ಮಾಡುತ್ತಾರೋ ಕಾಣೆ. ಅದೂ ಬೇಡವೆಂದರೆ ಈಗ ಮೊಬೈಲನ್ನೇ ಸ್ಕೋಪಿಗೆ ಸಿಕ್ಕಿಸುವ ಹಿಡಿಕೆಗಳು ಎಲ್ಲ ಕಡೆ ಸಿಗುತ್ತವೆ.


ಮೆಟ್ಟುಗಾಲು ಬರೆದದ್ದು:

ಮಿಂಚುಳ್ಳಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಒಪ್ಪಿಕೊಳ್ಳುತ್ತೇನೆ. ದೋಣಿಯಲ್ಲಿ ಸ್ಕೋಪು ಹೊರೆಯೇ ಸರಿ. ನೆಲವೇ ಅಲುಗುವಲ್ಲಿ ಟ್ರೈಪಾಡಿಗೆ ಬೆಲೆಯಿಲ್ಲ. ಹಾರುವ ಹಕ್ಕಿಗೂ ಪೊದೆಯಲ್ಲಿ ಕುಣಿಯುವ ಹಕ್ಕಿಗೂ ಇದು ಸಲ್ಲದು, ಸ್ಕೋಪಿನ ಕಿರಿದಾದ ನೋಟದೊಳಗೆ ಅವುಗಳನ್ನು ಹುಡುಕುವಷ್ಟರಲ್ಲಿ ಅವು ಊರು ಬಿಟ್ಟಿರುತ್ತವೆ.

ಆದರೆ ಮಿಲಿಮೀಟರುಗಳ ಸಂಖ್ಯೆಯನ್ನು ಕಂಡು ಮರುಳಾಗಬೇಡಿ. ದೂರದ ಸಣ್ಣ ವಿವರ ಎಷ್ಟು ಬಿಡಿಸಿ ಕಾಣುತ್ತದೆ ಎಂಬುದನ್ನು ಕೊನೆಗೆ ನಿರ್ಧರಿಸುವುದು ಬೆಳಕು ಒಳಬರುವ ಬಾಗಿಲಿನ ಅಗಲ. ಪಿ900ರ ನಿಜವಾದ ಫೋಕಲ್ ಉದ್ದ 357 ಮಿ.ಮೀ., ಆ ತುದಿಯಲ್ಲಿ ಅದು ಎಫ್ 6.5, ಭಾಗಿಸಿದರೆ ಬಾಗಿಲು 55 ಮಿ.ಮೀ. ಪಿ1000ದಲ್ಲಿ 539 ಮಿ.ಮೀ., ಎಫ್ 8. ಬಾಗಿಲು 67 ಮಿ.ಮೀ. ಕೆರೆದಂಡೆಯವರ ಸ್ಕೋಪಿನದು 80. ಮೇಲಾಗಿ ಆ ಸ್ಕೋಪು ಈಗಾಗಲೇ ಅವರ ಮನೆಯಲ್ಲಿದೆ, ಹೆಬ್ಬಾತುಗಳನ್ನು ಎಣಿಸಲು ಅದನ್ನು ಹೇಗಿದ್ದರೂ ಹೊತ್ತೊಯ್ಯುತ್ತಾರೆ. ರಾಮನಗರದ ರಾಮದೇವರಬೆಟ್ಟದಲ್ಲಿ ಬಂಡೆಯ ಮೇಲೆ ಗಂಟೆಗಟ್ಟಲೆ ಕದಲದೆ ಕೂರುವ ರಣಹದ್ದುಗಳನ್ನು ನೋಡುವಾಗ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ: ಕದಲದ ಹಕ್ಕಿ, ಹತ್ತಿರ ಹೋಗಬಾರದ ಜಾಗ, ಗಟ್ಟಿ ನೆಲ. ನಿದ್ರಿಸುವ ಹೆಬ್ಬಾತುಗಳ ಗುಂಪೂ ಅಂಥದ್ದೇ. ಮೊಬೈಲಿನ ವಿಷಯದಲ್ಲಿ ನನ್ನ ತಕರಾರಿಲ್ಲ, ಅದರ ಲೆನ್ಸು ಚಿಕ್ಕದಾಗಿರುವುದರಿಂದ ಜೋಡಣೆ ಸುಲಭ. ಆದರೆ ಮುಖ್ಯ ಲೆನ್ಸಿನ ನೋಟ ತೀರ ಅಗಲವಾದ್ದರಿಂದ ಕಪ್ಪು ವೃತ್ತವನ್ನು ಕತ್ತರಿಸಿ ತೆಗೆದ ಮೇಲೆ ಪಿಕ್ಸೆಲ್ಲುಗಳು ಬಹಳ ಉಳಿಯುವುದಿಲ್ಲ.

ಕೊರಳಪಟ್ಟಿಯ ಲೆಕ್ಕವನ್ನೂ ಮಾಡಿಬಿಡೋಣ. 1200 ಮಿ.ಮೀ.ನಲ್ಲಿ 200 ಮೀಟರ್ ದೂರದ ಚೌಕಟ್ಟಿನ ಅಗಲ ಸುಮಾರು 5.8 ಮೀಟರ್. ಎಸ್95ರ ಚಿತ್ರದ ಅಗಲ 3648 ಪಿಕ್ಸೆಲ್, ಅಂದರೆ ಒಂದು ಪಿಕ್ಸೆಲ್ಲಿಗೆ 1.6 ಮಿ.ಮೀ. ಪಟ್ಟಿಯ ಮೇಲಿನ ಅಕ್ಷರ ಎರಡು ಸೆಂ.ಮೀ. ಎತ್ತರವಿದೆ ಎಂದಿಟ್ಟುಕೊಂಡರೆ ಅದು ಹನ್ನೆರಡು ಪಿಕ್ಸೆಲ್ ಎತ್ತರಕ್ಕೆ ಬರುತ್ತದೆ. ಓದಲು ಸಾಕು, ಚಂದಕ್ಕೆ ಸಾಲದು. ಅಂಚಿನಲ್ಲಿ ನೇರಳೆ ಗೆರೆ ಬಂದರೆ ಅದು ಸ್ಕೋಪಿನ ಗಾಜಿನ ಗುಣ. 'ಇಡಿ' ಎಂಬ, ಬಣ್ಣ ಚದುರುವುದನ್ನು ತಗ್ಗಿಸುವ ಗಾಜಿನ ಸ್ಕೋಪುಗಳಲ್ಲಿ ಅದು ಕಡಿಮೆ. ಅಕ್ಷರ ಓದಲು ಬಣ್ಣ ಬೇಕಿಲ್ಲವಾದ್ದರಿಂದ ಚಿತ್ರವನ್ನು ಕಪ್ಪುಬಿಳುಪು ಮಾಡಿಕೊಳ್ಳಿ. ಗಾಳಿ ಬೀಸುತ್ತಿದ್ದರೆ ಟ್ರೈಪಾಡಿನ ಕಾಲುಗಳನ್ನು ಚಾಚದೆ ಗಿಡ್ಡವಾಗಿ ನಿಲ್ಲಿಸಿ, ನೀವೂ ನೆಲದ ಮೇಲೆ ಕೂತುಬಿಡಿ. ಬಾಗಿದ ಐಪೀಸಿನ ಅನುಕೂಲವೇ ಅದು. ಹಿಂದೆ ಕ್ಯಾಮೆರಾದ ಭಾರ ಸೇರಿದ ಮೇಲೆ ಸ್ಕೋಪು ಹಿಂದಕ್ಕೆ ವಾಲುತ್ತದೆ, ಅದನ್ನು ಟ್ರೈಪಾಡಿನ ತಲೆಯ ಮೇಲೆ ತುಸು ಮುಂದಕ್ಕೆ ಸರಿಸಿ ತೂಗಿಸಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿಗಾಳಿ. ಹೆಬ್ಬಾತುಗಳು ರಾತ್ರಿಯೂ ನಸುಕಿನಲ್ಲೂ ಹೊಲಗಳಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ಕೆರೆಗೆ ಮರಳುತ್ತವೆ. ನಮ್ಮ ದುರದೃಷ್ಟಕ್ಕೆ ಅದೇ ಹೊತ್ತಿಗೆ ನೆಲ ಕಾದು ಬಿಸಿಲ್ಗುದುರೆ ಕುಣಿಯಲು ಶುರುವಾಗುತ್ತದೆ. ಅವು ಬಂದಿಳಿದ ಮೊದಲ ಅರ್ಧ ಗಂಟೆಯನ್ನು ಕೈಬಿಡಬೇಡಿ. ಹತ್ತೂವರೆಯ ಮೇಲೆ ಯಾವ ಸ್ಕೋಪೂ, ಯಾವ ಪಿ1000ವೂ ಉಪಯೋಗಕ್ಕೆ ಬಾರದು.


ಕೆರೆದಂಡೆ ಬರೆದದ್ದು:

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ಗೀಜಗ ಅವರು ಹೇಳಿದಂತೆಯೇ ಕಪ್ಲರ್ ತಂದು ಮಾಡಿದೆ. ನನ್ನ ಐಪೀಸು 47 ಮಿ.ಮೀ. ಇದ್ದುದರಿಂದ ಟ್ಯೂಬಿನ ಒಂದೇ ಪದರ ಸಾಕಾಯಿತು. ಬೋಲ್ಟಿನ ವಿಷಯದಲ್ಲಿ ಅಂಗಡಿಯವರು ಅಕ್ಷರಶಃ ಅದೇ ಮಾತನ್ನು ಹೇಳಿದರು, ನಾನು ನಗುತ್ತ ಬೇರೆ ಅಂಗಡಿಗೆ ಹೋದೆ. ಕ್ಯಾಮೆರಾವನ್ನು ಗಾಡಿಯಲ್ಲಿ ಸರಿಸುತ್ತ ಹೋದಾಗ ಒಂದು ಜಾಗದಲ್ಲಿ ಮಸುಕು ಅಂಚಿನ ನೆರಳು ತಟ್ಟನೆ ತೊಲಗಿ ವೃತ್ತ ಚೂಪಾದದ್ದನ್ನು, ಜೂಮನ್ನು ಎರಡು ಹೆಜ್ಜೆ ಮುಂದೂಡಿದಾಗ ಆ ವೃತ್ತವೂ ಚೌಕಟ್ಟಿನಾಚೆಗೆ ಸರಿದುಹೋದದ್ದನ್ನು ಕಂಡು ನನಗಾದ ಸಂತೋಷವನ್ನು ಇಲ್ಲಿ ವರ್ಣಿಸುವುದಿಲ್ಲ. ಪಟ್ಟಿಯ ಮೇಲೆ ಆ ಜಾಗಕ್ಕೆ ಮೊಳೆಯಿಂದ ಗೆರೆ ಎಳೆದುಕೊಂಡಿದ್ದೇನೆ.

ಮೂರು ಭಾನುವಾರ ಹೋದೆ. ಮೊದಲ ದಿನ ಕಟ್ಟೆಯ ಮೇಲೆ ನಿಂತು ತೆಗೆದ ಚಿತ್ರಗಳೆಲ್ಲ ಗಾಳಿಗೆ ಅಲುಗಿದ್ದವು. ಎರಡನೆಯ ದಿನ ಕೆಳಗಿಳಿದು ನೆಲದ ಮೇಲೆ ಕೂತೆ; ಒಂದು ಮೆಟ್ಟುಗಾಲು ಹಕ್ಕಿಯ ಕಣ್ಣಿನ ಕೆಂಪು ಬಣ್ಣ ಕೂಡ ಬಂದಿದೆ, ಆದರೆ ಪಟ್ಟಿಯ ಹೆಬ್ಬಾತು ಕಾಣಲಿಲ್ಲ. ನಿನ್ನೆ ಎಂಟೂವರೆಗೆ ಕಂಡಿತು. ನಲವತ್ತು ಚಿತ್ರಗಳಲ್ಲಿ ಒಂಬತ್ತರಲ್ಲಿ ಪಟ್ಟಿ ಸ್ಪಷ್ಟವಾಗಿದೆ. ಮೊದಲಿನ ಎರಡು ಗುರುತುಗಳನ್ನು ಸಂಶಯವಿಲ್ಲದೆ ಓದಬಹುದು. ಕೊನೆಯದು ಇಂಗ್ಲಿಷಿನ ಬಿ ಅಕ್ಷರವೋ 8ರ ಅಂಕಿಯೋ ಎಂದು ಮನೆಯವರೆಲ್ಲ ಸೇರಿ ನೋಡಿದರೂ ತೀರ್ಮಾನವಾಗುತ್ತಿಲ್ಲ. ಮುಂದಿನ ಸಲ ಬಿಡಿಚಿತ್ರಗಳ ಬದಲು ವಿಡಿಯೊ ತೆಗೆಯುವುದು ಒಳ್ಳೆಯದೇ?


ಮೆಟ್ಟುಗಾಲು ಬರೆದದ್ದು:

ವಿಡಿಯೊ ಬೇಡ. ಎಸ್95ರ ವಿಡಿಯೊ 1280 ಪಿಕ್ಸೆಲ್ ಅಗಲ. ಅಕ್ಷರದ ಹನ್ನೆರಡು ಪಿಕ್ಸೆಲ್ ನಾಲ್ಕಕ್ಕೆ ಇಳಿದು, ಈಗ ಓದಿರುವ ಎರಡು ಗುರುತುಗಳನ್ನೂ ಕಳೆದುಕೊಳ್ಳುತ್ತೀರಿ. ಬಿಡಿಚಿತ್ರಗಳನ್ನೇ ಹತ್ತು ಹತ್ತರ ಕಂತಿನಲ್ಲಿ ತೆಗೆಯುತ್ತಿರಿ. ಗಾಳಿಯ ನಡುಕ ಕ್ಷಣಕ್ಕೊಂದು ಬಗೆಯಾಗಿರುತ್ತದೆ, ಹತ್ತರಲ್ಲಿ ಒಂದು ಸಲ ಗಾಳಿ ತಿಳಿಯಾದ ಕ್ಷಣ ಸಿಕ್ಕೇ ಸಿಗುತ್ತದೆ. ಇನ್ನೊಂದು ವಿಷಯ: ಇಂಥ ಪಟ್ಟಿಗಳ ಮೇಲೆ ಒಂದೇ ಗುರುತನ್ನು ಸುತ್ತಲೂ ಒಂದಕ್ಕಿಂತ ಹೆಚ್ಚು ಸಲ ಬರೆದಿರುವುದು ವಾಡಿಕೆ. ಹಕ್ಕಿ ಮೈ ತಿರುಗಿಸುವವರೆಗೆ ಕಾದು, ಮತ್ತೊಂದು ಮಗ್ಗುಲಿನಿಂದ ತೆಗೆಯಿರಿ. ಮೊದಲ ಮಗ್ಗುಲಿನಲ್ಲಿ ಕೆಸರು ಮೆತ್ತಿ 8ರಂತೆ ಕಂಡದ್ದು ಎರಡನೆಯ ಮಗ್ಗುಲಿನಲ್ಲಿ 3 ಆದದ್ದನ್ನು ನಾನು ಹದಿನಾರಿನಲ್ಲಿ ಕಂಡಿದ್ದೇನೆ. ಆ ಒಂಬತ್ತು ಚಿತ್ರಗಳಲ್ಲಿ ಎರಡನ್ನು ಇಲ್ಲಿ ಹಾಕಿ, ಕತ್ತರಿಸದೆ, ಕ್ಯಾಮೆರಾದಿಂದ ಬಂದ ಹಾಗೆಯೇ.


ಕೆರೆದಂಡೆ ಬರೆದದ್ದು:

ಇಂದು ರಾತ್ರಿ ಹಾಕುತ್ತೇನೆ. ಭಾನುವಾರ ಏಳು ಗಂಟೆಗೇ ಕೆಳಗಿನ ದಂಡೆಯಲ್ಲಿರುತ್ತೇನೆ. ಹುಬ್ಬಳ್ಳಿಯಿಂದ ಗೀಜಗ ಅವರೂ ಬರುವುದಾಗಿ ತಿಳಿಸಿದ್ದಾರೆ, ಅಲ್ಯೂಮಿನಿಯಂ ಪಟ್ಟಿಯ ಬಾಗು ಅವರಿಗೆ ಚಿತ್ರದಲ್ಲಿ ಸರಿ ಕಾಣಲಿಲ್ಲವಂತೆ.